ಯಾರದೋ ಸಮಾಧಿ ಗುಡಿಸಿದ್ದು

ಹೋದ ಭಾನುವಾರ ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಕಾಲೊನಿಯ ಹೊಸ ವಾಚ್‌ಮನ್ ನನ್ನನ್ನು ಕಳ್ಳನೆಂದು ತಿಳಿದು ತಡೆದು ನಿಲ್ಲಿಸಿದ. ತಪ್ಪು ಅವನದಲ್ಲ. ಗೇಟಿನ ಪಕ್ಕದಲ್ಲಿ ಕಾಲೊನಿಯ ಅಡಿಗಲ್ಲು ನೆಟ್ಟಿದ್ದಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ಪಾಚಿ ಹಬ್ಬಿ, ಕಲ್ಲಿಟ್ಟ ಮಹನೀಯರ ಹೆಸರು ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಹಾಲು ತರಲು ಹೋದ ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮನೆಯ ಕೀಲಿಕೈಯಿಂದ ಅಕ್ಷರಗಳ ಸಂದಿಯನ್ನು ಕೆರೆಯುತ್ತಿದ್ದೆ. ಬೆಳಗಿನ ಆರು ಗಂಟೆಗೆ ಮೂವತ್ತು ದಾಟಿದ ಒಬ್ಬ ಮನುಷ್ಯ ಗೇಟಿನ ಬುಡದಲ್ಲಿ ಕೂತು ಕೀಲಿಕೈ ಆಡಿಸುತ್ತಿದ್ದರೆ ಯಾರಾದರೂ ಏನೆಂದುಕೊಳ್ಳಬೇಕು?

ಮನೆಗೆ ಬಂದರೆ ಹೆಂಡತಿ ನನ್ನ ಉಗುರು ನೋಡಿಯೇ ಎಲ್ಲ ತಿಳಿದುಕೊಂಡಳು.

"ಕಲ್ಲು ಕಂಡ್ರ ಸಾಕು, ಕೆರ್ಕೋತ ಕೂತುಬಿಡ್ತೀರಿ. ಇದೇನ್ ಹಾಳ ಚಟಾರೀ ನಿಮ್ದು? ಅದಿರ್ಲಿ, ಹಾಲು ಎಲ್ಲಿ?"

ಹಾಲು ತಂದಿರಲಿಲ್ಲ.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹತ್ತು ಹನ್ನೊಂದು ವರ್ಷದ ಹಿಂದೆ, ಇದೇ ಪುಣೆಯಲ್ಲಿ, ಒಂದು ಮುಂಜಾನೆ ಅಂಟಿಕೊಂಡದ್ದು. ಅಂಟಿಸಿದವನು ಲಿಮ್.

ಲಿಮ್ ನನ್ನ ಹಾಸ್ಟೆಲ್ಲಿನ ಕೋಣೆಯ ಜೊತೆಗಾರ. ಮಲೇಷ್ಯಾದ ಪಿನಾಂಗ್ ಎಂಬ ದ್ವೀಪದವನು, ಚೀನೀ ಮೂಲದವನು, ನನ್ನ ಹಾಗೆಯೇ ಬಿ.ಎಸ್ಸಿ. ಓದಲು ಬಂದಿದ್ದ. ಆಗ ಪುಣೆಯ ಕಾಲೇಜುಗಳಲ್ಲಿ ಇರಾನಿನವರು, ಕೀನ್ಯಾದವರು, ಮಾರಿಷಸ್ಸಿನವರು ಹೆಜ್ಜೆಗೊಬ್ಬರು ಸಿಗುತ್ತಿದ್ದರು. ನಮ್ಮ ಹಾಸ್ಟೆಲ್ಲಿನ ಹಿಂದಿನ ಸಾಲು ಪೂರ್ತಿ ಪರದೇಶದವರಿಗೇ ಮೀಸಲು. ವಿಜಾಪುರ ಜಿಲ್ಲೆಯ ಇಂಡಿಯಿಂದ ಟ್ರಂಕು ಹೊತ್ತುಕೊಂಡು ನಾನು ತಡವಾಗಿ ಹೋಗಿ ನಿಂತಾಗ ಬೇರೆಲ್ಲೂ ಜಾಗ ಉಳಿದಿರಲಿಲ್ಲ. ವಾರ್ಡನ್ನರು ನನ್ನ ಅರ್ಜಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಇವನೂ ಪರದೇಶದವನೇ ಎಂದು ತೀರ್ಮಾನಿಸಿ ಹಿಂದಿನ ಸಾಲಿಗೆ ಕಳಿಸಿದರು. ಅವರ ತೀರ್ಮಾನ ಸುಳ್ಳೂ ಆಗಿರಲಿಲ್ಲ. ನನ್ನ ಮರಾಠಿ ಕೇಳಿ ಮೆಸ್ಸಿನ ಅಡುಗೆಯವರು ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು.

ಹುಡುಗರು ಲಿಮ್‌ಗೆ "ಲಿಂಬೂ" ಎಂದು ಹೆಸರಿಟ್ಟಿದ್ದರು. ಲಿಂಬೆಹಣ್ಣಿಗೆ ಹೆಸರಾದ ಇಂಡಿಯಿಂದ ಬಂದವನು ನಾನು. ಆದ್ದರಿಂದ ನಮ್ಮಿಬ್ಬರ ಕೋಣೆ ಲಿಂಬೆಯ ತೋಟವಾಯಿತು. ಅವನ ಇಂಗ್ಲಿಷ್ ಒಂದು ಕಡೆ ಕುಂಟುತ್ತಿತ್ತು, ನನ್ನದು ಇನ್ನೊಂದು ಕಡೆ. ಅವನು ಪ್ರತಿ ಮಾತಿನ ಕೊನೆಗೆ "ಲಾ" ಎನ್ನುತ್ತಿದ್ದ, ನಾನು ಪ್ರತಿ ಮಾತಿನ ಮೊದಲಿಗೆ "ಲೇ" ಎನ್ನುತ್ತಿದ್ದೆ. ಹೀಗೆ ಎರಡೂ ತುದಿ ಭದ್ರವಾಗಿ ಕಟ್ಟಿದ್ದರಿಂದ ನಡುವಿನ ವ್ಯಾಕರಣ ಹೇಗಿದ್ದರೂ ನಡೆಯುತ್ತಿತ್ತು.

ನಮ್ಮ ಅವ್ವನಿಗೆ ಮಾತ್ರ ಮೊದಮೊದಲು ಭಾರೀ ಚಿಂತೆ. ಅಪ್ಪನ ಕೈಯಿಂದ ಕಾಗದ ಬರೆಸಿದ್ದಳು: "ನಿನ್ನ ಖೋಲಿಯಾಗಿನ ಹುಡುಗ ಹಾವು ತಿಂತಾನಂತ, ಹೌದೇನು?" ಅಪ್ಪ ಶಾಲಾ ಮಾಸ್ತರರು, ಪ್ರಶ್ನೆಯ ಕೆಳಗೆ ಗೆರೆ ಎಳೆದಿದ್ದರು. ನಾವು ಲಿಂಗವಂತರು, ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಗಟ್ಟಿಯಾಗಿ ಆಡಿದವರಲ್ಲ. ನಾನು ಬರೆದೆ: ಹಾವು ತಿನ್ನುವುದು ನೋಡಿಲ್ಲ, ಆದರೆ ನೀನು ಕಳಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎರಡೂ ಎರಡು ದಿನದಲ್ಲಿ ಖಾಲಿ ಮಾಡಿದ್ದಾನೆ. ಮುಂದಿನ ಸಲ ಬಂದ ಗಂಟು ಎರಡು ಪಟ್ಟು ದೊಡ್ಡದಿತ್ತು. ಹಾವಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಎರಡನೆಯ ವರ್ಷದ ಜನವರಿಯಲ್ಲಿ ಲಿಮ್‌ಗೆ ತಂತಿ ಬಂತು. "ಅಜ್ಜಿ ತೀರಿಕೊಂಡರು. ಮಣ್ಣು ಆಯಿತು. ಚೆನ್ನಾಗಿ ಓದು. ಅಪ್ಪ." ಇಷ್ಟೇ.

ಅವನನ್ನು ಸಾಕಿದವರು ಆ ಅಜ್ಜಿ. ಅಪ್ಪ ಅಮ್ಮ ಇಬ್ಬರೂ ಅಂಗಡಿ ನೋಡಿಕೊಳ್ಳುತ್ತಿದ್ದರಿಂದ ಅವನಿಗೆ ಉಣಿಸಿದ್ದು, ತಲೆ ಬಾಚಿದ್ದು, ಸುಳ್ಳು ಹೇಳಿದರೆ ಕಿವಿ ಹಿಂಡಿದ್ದು ಎಲ್ಲ ಅವರೇ. ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಆ ದಿನ ಅವನು ತಂತಿಯನ್ನು ಮಡಚಿ ಡಿಕ್ಷನರಿಯೊಳಗೆ ಇಟ್ಟು, ಕೆಳಗಿಳಿದು ಹೋಗಿ ಟೇಬಲ್ ಟೆನಿಸ್ ಆಡಿದ. ಮೂವರನ್ನು ಸೋಲಿಸಿದ. ಎಂಥ ಕಲ್ಲುಮನಸ್ಸಿನವನಪ್ಪ ಎಂದುಕೊಂಡೆ ನಾನು. ಇಪ್ಪತ್ತು ವರ್ಷದವನಿಗೆ ಇನ್ನೊಬ್ಬ ಇಪ್ಪತ್ತು ವರ್ಷದವನ ಬಗ್ಗೆ ಎಷ್ಟು ತಿಳಿದೀತು?

ವಾರಗಳು ಕಳೆದ ಹಾಗೆ ಅವನು ತಟ್ಟೆಯಲ್ಲಿ ಅನ್ನ ಬಿಡತೊಡಗಿದ. ಕ್ಲಾಸಿಗೆ ಹೋಗುವುದು ಕಡಿಮೆಯಾಯಿತು. ಮಾರ್ಚಿನಲ್ಲಿ ಒಂದು ದಿನ ಅವನ ಮೇಜಿನ ಮೇಲೆ ಕಾಲೇಜು ಬಿಡುವ ಅರ್ಜಿ ಕಂಡಿತು. ಎಲ್ಲ ತುಂಬಿದ್ದ, ಸಹಿಯೊಂದು ಬಾಕಿ.

ಆ ವರ್ಷ ಯುಗಾದಿಗೆ ನಾನೂ ಊರಿಗೆ ಹೋಗಿರಲಿಲ್ಲ. ಕಾರಣ ಹೇಳಿಕೊಳ್ಳುವಂಥದ್ದಲ್ಲ: ಮೊದಲನೆಯ ವರ್ಷದ ಗಣಿತದಲ್ಲಿ ಡುಮ್ಕಿ ಹೊಡೆದಿದ್ದೆ, ಅದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆ. ಅಪ್ಪ ಕಲಿಸುತ್ತಿದ್ದದ್ದು ಗಣಿತವನ್ನೇ. ವಿಷಯ ಅವರಿಗೆ ಬೇರೆ ಯಾರಿಂದಲೋ ತಿಳಿಯಿತು. ದೀಪಾವಳಿಗೆ ಹೋದಾಗ, "ಫೇಲಾಗಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕ ನನಗ ಸಿಟ್ಟು. ನೆಟ್ಟಗ ಆಗೋತನಕ ಮಾರಿ ತೋರಸಬ್ಯಾಡ," ಎಂದಿದ್ದರು. ಅಂದಿನಿಂದ ಅವರ ಕಾಗದವೂ ನಿಂತಿತ್ತು. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಹೀಗಾಗಿ ಮನೆಯ ಕಡೆಯಿಂದ ನನಗೆ ಐದು ತಿಂಗಳಿಂದ ಒಂದಕ್ಷರವೂ ಇರಲಿಲ್ಲ. ಯುಗಾದಿಯ ದಿನ ಪುಣೆಯ ಮನೆಮನೆಯ ಮೇಲೆ ರೇಶ್ಮೆ ಬಟ್ಟೆ ಕಟ್ಟಿದ ಗುಡಿಯ ಕೋಲು ಏರಿದ್ದನ್ನು ನೋಡುತ್ತ ನಾವಿಬ್ಬರೂ ಇರಾನಿ ಹೊಟೆಲಿನಲ್ಲಿ ಬನ್ನು ಚಹಾ ಮುಂದಿಟ್ಟುಕೊಂಡು ಕೂತಿದ್ದೆವು. ಬೇವಿಲ್ಲ, ಬೆಲ್ಲವಿಲ್ಲ.

ಅದಾಗಿ ಒಂದು ವಾರಕ್ಕೆ ಲಿಮ್ ತಾನಾಗಿ ಬಾಯಿಬಿಟ್ಟ.

"ನಾಳಿದ್ದು ಚೆಂಗ್ ಬೆಂಗ್."

"ಹಾಗೆಂದರೆ?"

"ಸಮಾಧಿ ಗುಡಿಸುವ ಹಬ್ಬ ಲಾ. ಇಡೀ ಮನೆಮಂದಿ ಹೋಗ್ತೀವಿ. ಹುಲ್ಲು ಕಿತ್ತು, ಕಲ್ಲು ತೊಳೆದು, ಅಕ್ಷರಗಳಿಗೆ ಬಣ್ಣ ತುಂಬಿ, ಹಣ್ಣು, ಊಟ ಇಟ್ಟು, ಆಮೇಲೆ ಅಲ್ಲೇ ಕೂತು ಎಲ್ಲರೂ ಉಣ್ಣೋದು. ಈ ಸಲ ಅಜ್ಜಿಗೆ ಮೊದಲನೇ ಚೆಂಗ್ ಬೆಂಗ್. ಹಿರಿಯ ಮೊಮ್ಮಗ ನಾನು. ಮೊದಲ ಊದಿನಕಡ್ಡಿ ನಾನು ಹಚ್ಚಬೇಕು." ಡಿಕ್ಷನರಿಯಿಂದ ಆ ತಂತಿ ತೆಗೆದು ನೋಡುತ್ತ, "ನಾನು ಬರಲಿಲ್ಲ ಅಂತ ಅವಳಿಗೆ ಗೊತ್ತೇ ಇರೋದಿಲ್ಲ, ಅಲ್ವಾ? ಇಲ್ಲಿದ್ದೀನಿ ಅಂತ ಯಾರು ಹೇಳಬೇಕು?" ಎಂದ.

ತಾರಸಿಗೆ ಹೋಗಿ ಪೂರ್ವಕ್ಕೆ ಮುಖಮಾಡಿ ನಿಂತು ಕೈಮುಗಿಯುವುದು ಅವನ ಯೋಚನೆ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನಗೆ ಚಿಕ್ಕಂದಿನಿಂದ ಇನ್ನೊಬ್ಬರ ಕಷ್ಟಕ್ಕೆ ಉಪಾಯ ಹೇಳುವ ಚಪಲ.

"ಲೇ, ನಿನಗೆ ಬೇಕಾದ್ದು ಸಮಾಧಿ ತಾನೆ? ಪುಣೆಯಲ್ಲಿ ಸಮಾಧಿಗೇನು ಬರಗಾಲವೇ? ಯಾವುದಾದರೂ ಒಂದು ಗುಡಿಸೋಣ. ಯಾರೂ ಬೇಡ ಅನ್ನೋದಿಲ್ಲ."

ಅವನು ನನ್ನನ್ನೇ ನೋಡಿದ. ಎಷ್ಟೋ ವಾರಗಳ ಮೇಲೆ ಮೊದಲ ಸಲ ನಕ್ಕ.

ಹಾಗೆ, ಏಪ್ರಿಲ್ ಐದರ ಬೆಳಿಗ್ಗೆ, ಒಂದು ಡಜನ್ ಕಿತ್ತಳೆ, ಒಂದು ಕಟ್ಟು ಮಲ್ಲಿಗೆ ವಾಸನೆಯ ಊದಿನಕಡ್ಡಿ, ಹಾಸ್ಟೆಲ್ಲಿನ ಬಚ್ಚಲ ತಿಕ್ಕುವ ಬ್ರಷ್ಷು ಸೈಕಲ್ಲಿಗೆ ಕಟ್ಟಿಕೊಂಡು ನಾವು ಹೊರಟೆವು. ಕ್ಯಾಂಪ್ ಎನ್ನುವ ದಂಡುಪ್ರದೇಶದ ಆಚೆ ಒಂದು ಹಳೆಯ ಕ್ರೈಸ್ತ ಸ್ಮಶಾನವಿತ್ತು. ಗೇಟಿನ ಒಳಗೆ ಒಬ್ಬ ಹೆಂಗಸು ಹುಲ್ಲಿನ ಹೊರೆ ಕಟ್ಟುತ್ತಿದ್ದಳು. ಕಚ್ಚೆ ಸೀರೆಯಲ್ಲ, ನಮ್ಮ ಕಡೆಯ ಇಳಕಲ್ಲ ಸೀರೆ. ನಾನು ಧೈರ್ಯ ಮಾಡಿ ಕನ್ನಡದಲ್ಲೇ ಕೇಳಿದೆ, "ಒಳಗ ಹೋಗಬಹುದೇನ್ರೀ?"

ಅವಳು ಹೊರೆ ಬಿಟ್ಟು ಎದ್ದಳು. "ಯಪ್ಪಾ! ಯಾ ಊರ್ರೀ ನಿಮ್ದು?"

ಅವಳ ಹೆಸರು ಭೀಮವ್ವ. ಯಾದಗಿರಿ ಕಡೆಯವಳು, ಗಂಡ ಇಲ್ಲಿ ಕುಣಿ ತೋಡುವವನು, ಇವಳು ಹುಲ್ಲು ಕೊಯ್ದು ಹೂವಿನ ಗಿಡಗಳಿಗೆ ನೀರು ಹಾಕುವವಳು. ಊರಿನ ಮಾತೆಲ್ಲ ಮುಗಿದ ಮೇಲೆ ನಾನು ನಮ್ಮ ಕೆಲಸ ಹೇಳಿದೆ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

"ಹಿರ್ಯಾರಿಗಿ ಎಡಿ ಇಡೂದು ಎಲ್ಲಾರಿಗೂ ಇದ್ದದ್ದರಿ. ಆ ಗ್ವಾಡಿ ಬಾಜೂಕ ಒಂದು ಚೀನಾ ಕಲ್ಲು ಅದ ನೋಡ್ರಿ. ಅದರ ಮ್ಯಾಗಿನ ಅಕ್ಷರ ದೇವರಿಗೇ ತಿಳೀಬೇಕು," ಎಂದು ಕುಡಗೋಲು, ಕೊಡ ಎರಡನ್ನೂ ಕೊಟ್ಟಳು.

ಗೋಡೆಯ ಪಕ್ಕದಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ನಡುವೆ ಒಂದು ಗಿಡ್ಡ ಕರಿಕಲ್ಲು, ಮೈತುಂಬ ಒಣಗಿದ ಪಾಚಿ. ಲಿಮ್ ಅದರ ಮುಂದೆ ಕೂತು ಹೆಬ್ಬೆರಳಿನಿಂದ ಪಾಚಿ ಕೆರೆದ. ಒಂದು ಅಕ್ಷರ ಹೊರಬಂತು. ಎರಡು ಮರ ಪಕ್ಕಪಕ್ಕ ನಿಂತ ಹಾಗಿತ್ತು ಅದು. ಅವನು ಅಲ್ಲೇ ಹಿಂದಕ್ಕೆ ಕುಸಿದು ಕೂತ.

"ಏನಾಯಿತೋ?"

"ಇದು ಲಿಮ್," ಎಂದ. "ಇದು ನನ್ನ ಹೆಸರು."

ಅವನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಚೀನೀ ಲಿಪಿಯಲ್ಲಿ ಅವನಿಗೆ ಬರುತ್ತಿದ್ದದ್ದು ತನ್ನ ಮನೆತನದ ಹೆಸರೊಂದೇ. ಅಜ್ಜಿ ಅಕ್ಕಿಹಿಟ್ಟಿನ ಮೇಲೆ ಅವನ ಬೆರಳು ಹಿಡಿದು ಬರೆಸಿದ್ದು. ಕಲ್ಲಿನ ಮೇಲೆ ಇನ್ನೂ ಹತ್ತಾರು ಅಕ್ಷರಗಳಿದ್ದವು. ಅವು ನನಗೆಷ್ಟು ಗೊತ್ತೋ ಅವನಿಗೂ ಅಷ್ಟೇ.

ಎರಡು ತಾಸು ದುಡಿದೆವು. ಹುಲ್ಲು ಕೊಯ್ದು, ಕಲ್ಲನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಅಕ್ಷರಗಳ ಸಂದಿಯ ಪಾಚಿಯನ್ನು ನಾನು ಸೈಕಲ್ಲಿನ ಕೀಲಿಕೈಯಿಂದ ತೆಗೆದೆ. ಬಣ್ಣ ತಂದಿಲ್ಲವಲ್ಲ ಎಂದು ಲಿಮ್ ಪೇಚಾಡಿದ. ಕೆಂಪು ಬಣ್ಣ ತುಂಬಿದ ನೆನಪು ಅವನಿಗೆ. ಭೀಮವ್ವ ತನ್ನ ಗುಡಿಸಲಿನಿಂದ ಕುಂಕುಮದ ಭರಣಿ, ಒಂದಿಷ್ಟು ಕೊಬ್ಬರಿ ಎಣ್ಣೆ ತಂದುಕೊಟ್ಟಳು. ಕಲಸಿ, ಕಡ್ಡಿಯಿಂದ ಒಂದೊಂದು ಅಕ್ಷರಕ್ಕೂ ತುಂಬಿದೆವು. ಮುಗಿಸಿ ದೂರ ನಿಂತು ನೋಡಿದರೆ ಕಲ್ಲು ನಮ್ಮೂರಿನ ಹನುಮಪ್ಪನಂತೆ ಕೆಂಪಗೆ ಹೊಳೆಯುತ್ತಿತ್ತು. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಲಿಮ್ ಕಿತ್ತಳೆ ಜೋಡಿಸಿ, ಮೂರು ಊದಿನಕಡ್ಡಿ ತೆಗೆದು ಇನ್ನೇನು ಕಡ್ಡಿ ಗೀರಬೇಕು, ಆಗ ಹಿಂದಿನಿಂದ ಧ್ವನಿ ಬಂತು.

"ಕೋಣ್ ರೇ ತುಮ್ಹೀ?"

ಯಾರೋ ನೀವು ಎಂದು ಕೇಳಿದ ಆ ಮರಾಠಿ ಎಷ್ಟು ಠೇಟು ಪೇಟೆಯ ಮರಾಠಿಯಾಗಿತ್ತೆಂದರೆ, ತಿರುಗಿ ನೋಡುವ ಮೊದಲು ಯಾರೋ ಪುಣೆಯ ಹೆಂಗಸು ಬೈಯಲು ಬಂದಿದ್ದಾಳೆ ಎಂದುಕೊಂಡೆ. ತಿರುಗಿದರೆ ಒಬ್ಬ ಪುಟ್ಟ ಚೀನೀ ಮುದುಕಿ. ಕರಿ ಪಾಯಜಾಮ, ತಿಳಿನೀಲಿ ಅಂಗಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಾಲ್ಕು ಅಂತಸ್ತಿನ ಸ್ಟೀಲಿನ ಡಬ್ಬಿ. ಅವರು ಹೇಳಿದ್ದನ್ನೆಲ್ಲ ಇನ್ನು ಮುಂದೆ ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ನನ್ನ ಗಂಡನ ಹತ್ತಿರ ನಿಮಗೇನು ಕೆಲಸ?"

ಅವರು ಮುಂದೆ ಬಂದು ಕಲ್ಲು ನೋಡಿದರು. ಕಿತ್ತಳೆ ನೋಡಿದರು. ಮತ್ತೆ ಕಲ್ಲು ನೋಡಿದರು. ಡಬ್ಬಿ ಕೆಳಗಿಟ್ಟು ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಾಯಿತು. ಅವರ ಭುಜ ಅಲುಗುವುದನ್ನು ಕಂಡು ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

"ಅಯ್ಯೋ ಪೋರಗಳಿರಾ! ಕೆಂಪು ಬದುಕಿದ್ದವರಿಗೆ. ಹೋದವರಿಗೆ ಬಂಗಾರದ ಬಣ್ಣ. ಈ ಎಡಗಡೆ ಸಾಲು ನಂದು. ಅವನು ಹೋದಾಗಲೇ ನನ್ನ ಹೆಸರನ್ನೂ ಕೆತ್ತಿಸಿಟ್ಟಿದ್ದೀನಿ, ಅದಕ್ಕೆ ಕೆಂಪು. ಬಲಗಡೆ ಅವನದು. ಹನ್ನೊಂದು ವರ್ಷ ಆಯ್ತು ಮಲಗಿ. ಇವತ್ತು ನೀವಿಬ್ಬರೂ ಸೇರಿ ಎಬ್ಬಿಸಿ ಕೂಡಿಸಿಬಿಟ್ಟಿರಲ್ಲೋ!"

ನಾನು ನಾಚಿ ನೀರಾದೆ. ಅಂಗಿಯ ತುದಿ ಹಿಡಿದು ಒರೆಸಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಇರಲಿ ಬಿಡು. ಮಳೆ ಬಂದರೆ ತಾನೇ ಹೋಗ್ತದೆ. ಅಲ್ಲೀತನಕ ಇರಲಿ ಬದುಕಿ."

ಆಮೇಲೆ ಲಿಮ್ ಕಡೆ ತಿರುಗಿ ಅವರು ಚೀನೀ ಮಾತಿನಲ್ಲಿ ಏನೋ ಕೇಳಿದರು. ದನಿಯೇ ಬೇರೆಯಾಗಿತ್ತು, ಬಹಳ ದಿನ ಮಡಚಿಟ್ಟ ರೇಶ್ಮೆ ಸೀರೆ ಬಿಚ್ಚಿದ ಹಾಗೆ. ಲಿಮ್ ಕಣ್ಣು ಪಿಳಿಪಿಳಿ ಬಿಟ್ಟ. ಅವನು ತನ್ನ ಮಾತಿನಲ್ಲಿ ಏನೋ ಹೇಳಿದ. ಈಗ ಅವರು ಪಿಳಿಪಿಳಿ. ಇನ್ನೊಮ್ಮೆ ಇಬ್ಬರೂ ಪ್ರಯತ್ನಿಸಿದರು. ಅವರದು ಹಕ್ಕಾ, ಇವನದು ಹೊಕ್ಕಿಯೆನ್. ನಮ್ಮ ಕನ್ನಡಕ್ಕೂ ಮರಾಠಿಗೂ ಎಷ್ಟು ದೂರವೋ ಅಷ್ಟೇ ದೂರವಂತೆ. ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ನೀವು ನಂಬಬೇಕು. ಇಂಡಿ ತಾಲೂಕಿನ ನಾನು, ಕುಂಟು ಮರಾಠಿಯಿಂದ ಕುಂಟು ಇಂಗ್ಲಿಷಿಗೆ, ಇಬ್ಬರು ಚೀನೀಯರ ನಡುವೆ ನಿಂತು ಅನುವಾದ ಮಾಡಿದೆ. ಭೀಮವ್ವ ಗದ್ದಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ಅಲ್ರೀ ಯಪ್ಪಾ, ಚೀನಾದವ್ರು ಚೀನಾದವ್ರು ಮಾತಾಡಾಕ ನಡುವ ನೀವ್ಯಾಕ?"

ಹೆಸರು ಹೇಳು ಎಂದಾಗ ಅವನು "ಲಿಮ್" ಎಂದ. ಮುದುಕಿ ಬೆಚ್ಚಿದರು. ಕಲ್ಲಿನ ಮೇಲಿನ ಜೋಡಿ ಮರ ತೋರಿಸಿ "ಲಿಮ್?" ಎಂದರು. ಅವನು ತಲೆಯಾಡಿಸಿದ. ಎರಡೂ ಭಾಷೆಯಲ್ಲಿ ಆ ಶಬ್ದ ಒಂದೇ. ಅವರು ಅವನ ಗದ್ದ ಹಿಡಿದು ಮುಖ ಎತ್ತಿ ನೋಡಿದರು, ಯಾರನ್ನೋ ಹುಡುಕುವವರಂತೆ.

"ನಮ್ಮ ಮನೆತನದವನು," ಎಂದು ನನಗೆ ಮರಾಠಿಯಲ್ಲಿ ಹೇಳಿದರು. ನಾನು ಹಾಗೆಯೇ ದಾಟಿಸಿದೆ.

ಅವರ ಗಂಡ ಕ್ಯಾಂಪಿನಲ್ಲಿ ಬೂಟು ಚಪ್ಪಲಿ ಹೊಲಿಯುತ್ತಿದ್ದವರು. ಚೀನಾದೊಡನೆ ಯುದ್ಧ ಹತ್ತಿದ ವರ್ಷ ಗಂಡ ಒಂದು ದಿನ ಬಾಗಿಲು ಹಾಕಿಕೊಂಡು, ಇನ್ನು ಮಕ್ಕಳ ಮುಂದೆ ನಮ್ಮ ಮಾತು ಬೇಡ ಎಂದರಂತೆ. ಮಕ್ಕಳು ಮರಾಠಿಯಲ್ಲೇ ಬೆಳೆದರು. ಮಗಳು ಈಗ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮದುವೆಗಳ ಕಾಲ, ಕೈ ಬಿಡುವಿಲ್ಲ, ಹಾಗಾಗಿ ಇವರೊಬ್ಬರೇ ಬಂದದ್ದು. "ಗಂಡ ಹೆಂಡತಿ ಇಬ್ಬರೇ ಇದ್ದಾಗ ಮೆಲ್ಲಗೆ ಮಾತಾಡ್ಕೋತಿದ್ವಿ. ಈಗ ವರ್ಷಕ್ಕೊಂದು ಸಲ ಇಲ್ಲಿ ಬಂದು ಕಲ್ಲಿನ ಹತ್ತಿರ ಆಡ್ತೀನಿ," ಎಂದರು. ಅಳುಮೋರೆ ಮಾಡಿ ಹೇಳಲಿಲ್ಲ. ಸಂತೆಗೆ ಹೋಗಿ ಬರುತ್ತೇನೆ ಎನ್ನುವಂತೆ ಹೇಳಿದರು.

"ಇವನು ಯಾಕೆ ಬಂದ, ಕೇಳು."

ನಾನು ಕೇಳಬೇಕಾಗಿರಲಿಲ್ಲ. ತಂತಿಯ ವಿಷಯ, ಹಿರಿಯ ಮೊಮ್ಮಗನ ವಿಷಯ, ನಾನೇ ಹೇಳಿದೆ. ಅವರು ಡಬ್ಬಿ ಬಿಚ್ಚುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡರು.

"ಅವನಿಗೆ ಹೇಳು," ಎಂದರು. "ನನ್ನ ಗಂಡ ಜನ್ಮವೆಲ್ಲ ಮಂದಿಯ ಕಾಲಿಗೆ ಜೋಡು ಹೊಲಿದವನು. ನಡೆಯೋದಂದರೆ ಅವನಿಗೆ ಬೇಸರ ಇಲ್ಲ. ಅಜ್ಜಿಗೆ ಏನು ಹೇಳೋದಿದೆಯೋ ಇಲ್ಲಿ ಹೇಳಲಿ. ನನ್ನ ಗಂಡ ಹೋಗಿ ಮುಟ್ಟಿಸ್ತಾನೆ. ಇವತ್ತಂತೂ ಎದ್ದು ಕೂತಿದ್ದಾನೆ."

ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. "ಇವರ ಗಂಡ ಶೂ ಮೇಕರ್. ಗುಡ್ ವಾಕರ್. ನಿನ್ನ ಅಜ್ಜಿ ಹತ್ತಿರ ಅವರು..." ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಲಿಮ್ ಕೈ ಮೇಲೆತ್ತಿ ಸಾಕು ಎಂದ. ಅವನಿಗೆ ಆಗಲೇ ತಿಳಿದಿತ್ತು.

ಅವನು ಊದಿನಕಡ್ಡಿ ಹಚ್ಚಿ, ಎರಡೂ ಕೈಯಲ್ಲಿ ಹಣೆಯ ಮಟ್ಟಕ್ಕೆ ಹಿಡಿದು, ಮಂಡಿಯೂರಿದ. "ಆ ಮಾ," ಎಂದ. ಅಜ್ಜೀ ಎಂದ ಹಾಗೆ. ಆಮೇಲೆ ಮಾತಾಡತೊಡಗಿದ.

ಮುದುಕಿ ನನ್ನ ತೋಳು ಹಿಡಿದು ದೂರ ಕರೆದುಕೊಂಡು ಹೋದರು. "ಕೇಳಿಸ್ಕೋಬಾರದು," ಎಂದರು. ಆ ಭಾಷೆ ನನಗೂ ಬಾರದು, ಅವರಿಗೂ ಬಾರದು. ಆದರೂ ಇಬ್ಬರೂ ದೂರ ಹೋಗಿ ಗುಲ್‌ಮೊಹರ್ ಮರದ ಕೆಳಗೆ ಬೆನ್ನು ಹಾಕಿ ನಿಂತೆವು. ಹಿಂದಿನಿಂದ ಆಗಾಗ "ಆ ಮಾ" ಎಂಬುದು ಮಾತ್ರ ಬಿಡಿಸಿ ಕೇಳುತ್ತಿತ್ತು. ನಡುವೆ ಅಳು. ಮತ್ತೆ ಮಾತು. ಮೂರು ತಿಂಗಳು ಆಡದೇ ಉಳಿದದ್ದನ್ನೆಲ್ಲ ಆಡುತ್ತಿದ್ದನೇನೋ. ಏನು ಹೇಳಿದ ಎಂದು ನಾನು ಅವನನ್ನು ಎಂದೂ ಕೇಳಲಿಲ್ಲ.

ಸುಮ್ಮನೆ ನಿಂತಿರಲಾರದೆ ಮುದುಕಿ ನನ್ನ ವಿಚಾರಣೆಗೆ ತೊಡಗಿದರು.

"ನಿನ್ನ ಊರು?"

"ಇಂಡಿ, ಆಜಿ. ಕರ್ನಾಟಕ." ಮರಾಠಿಯಲ್ಲಿ ಅಜ್ಜಿಗೆ ಆಜಿ ಎನ್ನುತ್ತಾರೆ; ಅಂದಿನಿಂದ ಅವರು ನನಗೆ ಆಜಿಯೇ.

"ಯುಗಾದಿ ಪಾಡವಾಕ್ಕೆ ಊರಿಗೆ ಹೋಗಿದ್ದೆಯಾ?"

"ಇಲ್ಲ. ಗಣಿತದಲ್ಲಿ ನಪಾಸಾದೆ. ಅಪ್ಪ ಸಿಟ್ಟಾಗಿದ್ದಾರೆ."

"ಅಪ್ಪ ಇದ್ದಾರಾ?"

"ಇ... ಇದ್ದಾರೆ."

"ನಡೆದಾಡ್ಕೊಂಡಿದ್ದಾರಾ?"

"ಸೈಕಲ್ ಹೊಡೀತಾರೆ."

"ಮತ್ತೆ? ಸೈಕಲ್ ಹೊಡೆಯೋ ಅಪ್ಪನ್ನ ಅಲ್ಲಿ ಬಿಟ್ಟು, ನನ್ನ ಗಂಡನ ಕಲ್ಲು ತಿಕ್ಕೋದಕ್ಕೆ ಬಂದಿದ್ದೀಯಲ್ಲ, ತಲೆ ನೆಟ್ಟಗಿದೆಯಾ ನಿಂದು?"

ಅವರು ನಗುತ್ತ ಕೇಳಿದರೋ ಬೈಯುತ್ತ ಕೇಳಿದರೋ ನೆನಪಿಲ್ಲ. ನಾನು ಸೈಕಲ್ಲಿನ ಕೀಲಿಕೈಯಿಂದ ಉಗುರು ಕೆರೆಯುತ್ತ ನಿಂತದ್ದು ನೆನಪಿದೆ.

ಲಿಮ್ ಎದ್ದು ಬಂದಾಗ ಅವನ ಕಣ್ಣು ಊದಿತ್ತು, ಮುಖ ಹಗುರಾಗಿತ್ತು. ಆಜಿ ಮೂರು ಪುಟ್ಟ ಬಟ್ಟಲಿಗೆ ಹಾಲಿಲ್ಲದ ಚಹಾ ಸುರಿದು ಕಲ್ಲಿನ ಮುಂದಿಟ್ಟರು. ಗಂಡನ ಕೂಡ ತಮ್ಮ ಮಾತಿನಲ್ಲಿ ಅದೇನೋ ಹೇಳಿದರು. ನಮ್ಮಿಬ್ಬರ ಕಡೆ ಕೈ ತೋರಿಸಿದ್ದರಿಂದ ನಮ್ಮ ಪರಿಚಯ ಮಾಡಿಸುತ್ತಿದ್ದಾರೆಂದು ತಿಳಿಯಿತು. ಆಮೇಲೆ ಕೋಳಿ, ಅನ್ನ, ತತ್ತಿ ಎಲ್ಲ ಬಡಿಸಲು ಕೂತರು. ನಾನು ಹಿಂದೆ ಸರಿದದ್ದು ಕಂಡು, "ಶಾಕಾಹಾರಿ? ಮೊದಲೇ ಹೇಳಬಾರದಾ?" ಎಂದು ಡಬ್ಬಿಯ ಕೊನೆಯ ಅಂತಸ್ತಿನಿಂದ ಮೆತ್ತನೆಯ ಬಿಳಿ ತುಂಡುಗಳನ್ನು ತೆಗೆದು ಕೊಟ್ಟರು. "ಅಕ್ಕಿ, ಸಕ್ಕರೆ. ಬೇರೇನೂ ಇಲ್ಲ, ನನ್ನಾಣೆ." ನಮ್ಮ ಕಡಬಿಗೆ ಹತ್ತಿರದ ಸಂಬಂಧಿ. ಭೀಮವ್ವನೂ ಬಂದು ಕೂತಳು. ಅವಳಿಗೆ ಕೋಳಿ ನಡೆಯುತ್ತಿತ್ತು. ಲಿಮ್ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಲೇಜು ಬಿಡುವ ಅರ್ಜಿಯ ಬೆನ್ನ ಮೇಲೆ ಲಿಮ್ ಲೆಕ್ಕ ಬಿಡಿಸತೊಡಗಿದ. ಭಾನುವಾರಕ್ಕೊಮ್ಮೆ ಕ್ಯಾಂಪಿನ ಆಜಿಯ ಮನೆಗೆ ಹೋಗುವುದು ರೂಢಿಯಾಯಿತು. ದುಭಾಷಿಯೆಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ನನ್ನ ಆ ಹುದ್ದೆ ಮೂರು ತಿಂಗಳಿಗಿಂತ ಹೆಚ್ಚು ಬಾಳಲಿಲ್ಲ. ಒಂದು ದಿನ ಜ್ವರ ಬಂದು ನಾನು ಹೋಗಲಿಲ್ಲ. ಅವನು ಸಂಜೆ ಬಂದು, "ಇವತ್ತು ತುಂಬ ಮಾತಾಡಿದ್ವಿ ಲಾ," ಎಂದ. ಯಾವ ಭಾಷೆಯಲ್ಲೋ ಎಂದರೆ, "ಅವರು ಅವರದರಲ್ಲಿ, ನಾನು ನನ್ನದರಲ್ಲಿ," ಎಂದ. ಪದವಿ ಮುಗಿಸಿ ಅವನು ಊರಿಗೆ ಹೋದ. ಈಗ ಅಲ್ಲೊಂದು ಶಾಲೆಯಲ್ಲಿ ಮಾಸ್ತರ. ಮೊದಲ ಸಲ ತನ್ನ ಅಜ್ಜಿಯ ಸಮಾಧಿ ಗುಡಿಸಿ ಬಂದ ದಿನ ಬರೆದ ಕಾಗದ ನನ್ನ ಹತ್ತಿರ ಇದೆ: "ಪುಣೆಯಿಂದ ಒಬ್ಬರು ಬಂದಿದ್ದರಾ ಎಂದು ಕೇಳಿದೆ. ಅಕ್ಕಪಕ್ಕ ನಿಂತ ತಂಗಿಯರು ನಕ್ಕರು. ಅಜ್ಜಿ ಏನೂ ಹೇಳಲಿಲ್ಲ. ಆದರೆ ಬೈಯಲೂ ಇಲ್ಲ ಲಾ."

ಆಜಿ ಮೂರು ವರ್ಷದ ಹಿಂದೆ ತೀರಿಕೊಂಡರು. ನನಗೆ ಪುಣೆಯಲ್ಲೇ ನೌಕರಿಯಾದದ್ದರಿಂದ ಮಣ್ಣಿಗೆ ನಾನಿದ್ದೆ. ಹಿಡಿ ಮಣ್ಣು ಹಾಕುವಾಗ ಅವರ ಮಗಳು, "ಇವರು ನಮ್ಮ ಅಮ್ಮನ ಅನುವಾದಕರು," ಎಂದು ಬಂದವರಿಗೆ ಪರಿಚಯಿಸಿದಳು. ನನ್ನ ಜೀವಮಾನದಲ್ಲಿ ಸಿಕ್ಕ ಬಿರುದು ಅದೊಂದೇ.

ಆದರೆ ನಾನು ಆ ಏಪ್ರಿಲ್ ಐದರ ಮಾತು ಹೇಳುತ್ತಿದ್ದೆ. ಊಟ ಮುಗಿಸಿ, ಆಜಿಯನ್ನು ರಿಕ್ಷಾ ಹತ್ತಿಸಿ ಬಂದ ಮೇಲೆ ನಾನು ಹಾಸ್ಟೆಲ್ಲಿಗೆ ಹೋಗಲಿಲ್ಲ. ಸೈಕಲ್ಲನ್ನು ಲಿಮ್ ಕೈಗೆ ಕೊಟ್ಟು ಸ್ಟೇಷನ್ನಿಗೆ ನಡೆದೆ. ಉಟ್ಟ ಬಟ್ಟೆಯಲ್ಲೇ, ಉಗುರಿನ ಸಂದಿಯ ಪಾಚಿ ಸಮೇತ ಸೊಲ್ಲಾಪುರದ ಗಾಡಿ ಹತ್ತಿದೆ. ಅಲ್ಲಿಂದ ಸಣ್ಣ ಗಾಡಿ. ದಾರಿಯುದ್ದಕ್ಕೂ ಅಪ್ಪನಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ತಪ್ಪಾಯಿತು ಎನ್ನಬೇಕು. ಅಕ್ಟೋಬರಿನಲ್ಲಿ ಪಾಸಾಗುತ್ತೇನೆ ಎನ್ನಬೇಕು. ಸುಳ್ಳು ಯಾಕೆ ಹೇಳಿದೆನೆಂದರೆ... ಅಲ್ಲಿಂದ ಮುಂದೆ ಏನೂ ಹೊಳೆಯಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಮನೆ ಮುಟ್ಟಿದೆ. ಅಪ್ಪ ಅಂಗಳದಲ್ಲಿ ಸೈಕಲ್ಲನ್ನು ಬುಡಮೇಲು ಮಾಡಿಟ್ಟು ಚೈನಿಗೆ ಎಣ್ಣೆ ಹಾಕುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರು. ಪೆಡಲು ತಿರುಗಿಸುತ್ತಿದ್ದ ಕೈ ನಿಂತಿತು. ಚಕ್ರ ಮಾತ್ರ ಸ್ವಲ್ಪ ಹೊತ್ತು ತಾನೇ ತಿರುಗುತ್ತಿತ್ತು.

"ಪರೀಕ್ಷಾ ಮುಗದ್ವು?"

"ಇಲ್ಲ."

"ಸೂಟಿ ಅದನು?"

"ಇಲ್ಲ."

"ಮತ್ತ? ಆರಾಮ ಅದಿ ಇಲ್ಲ?"

"ಆರಾಮ ಅದೀನಿ."

"ಏನರ ಬೇಕಾಗಿತ್ತೇನು?"

ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. "ಏನಿಲ್ಲಪ್ಪಾ," ಎಂದೆ. "ಸುಮ್ನ ಬಂದೆ."

ಅಪ್ಪ ಎಣ್ಣೆಯ ಕೈಯನ್ನು ಅರಿವೆಗೆ ಒರೆಸಿಕೊಂಡರು. ಒಂದೊಂದೇ ಬೆರಳು, ನಿಧಾನವಾಗಿ. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ಸುಮ್ನ ಬರಾವ್ರು ಭಾಳ ಕಡಿಮಿ ಆಗ್ಯಾರ," ಎಂದರು. "ಬಾ, ಕೈಕಾಲು ತೊಳ್ಕೊ."